ಇಪ್ಪತ್ತು ಜನರ ಶಾಪಿನಲ್ಲಿ ಕೆಲಸ ಕಲಿಸುವುದು ಹೇಗೆ

ಸಣ್ಣ ಇಂಜಿನಿಯರಿಂಗ್ ಕಂಪನಿಯಲ್ಲಿ ಟ್ರೈನಿಂಗ್ ಅಂದ ತಕ್ಷಣ ಬರುವ ಮಾತು ಒಂದೇ: ಟೈಮ್ ಎಲ್ಲಿದೆ? ಸುಳ್ಳೇನಲ್ಲ. ಇಪ್ಪತ್ತು ಜನ ಇರುವ ಕಡೆ ಒಬ್ಬರನ್ನು ಮೂರು ದಿನ ಕೋರ್ಸಿಗೆ ಕಳಿಸಿದರೆ ಒಂದು ಮಷಿನ್ ಮೂರು ದಿನ ನಿಲ್ಲುತ್ತದೆ, ಇಲ್ಲವೇ ಇನ್ನೊಬ್ಬರು ಡಬಲ್ ಶಿಫ್ಟ್ ಎಳೆಯಬೇಕು. ದೊಡ್ಡ ಕಂಪನಿಗಳಿಗೆ ಟ್ರೈನಿಂಗ್ ಡಿಪಾರ್ಟ್‌ಮೆಂಟ್ ಇರುತ್ತದೆ, ಪ್ರೊಜೆಕ್ಟರ್ ಇರುವ ರೂಮ್ ಇರುತ್ತದೆ, ಬಜೆಟ್ ಇರುತ್ತದೆ. ನಮ್ಮಂಥವರ ಹತ್ತಿರ ಇರುವುದು ಒಂದು ವೈಟ್ ಬೋರ್ಡ್, ಅದರ ಮೇಲೆ ಯಾರೂ ಅಳಿಸದ ಹೋದ ತಿಂಗಳ ಡಿಸ್ಪ್ಯಾಚ್ ಲೆಕ್ಕ.

ನಾನು ಕೆಲಸ ಮಾಡಿದ ಒಂದು ಶಾಪಿನಲ್ಲಿ ನಾಲ್ಕು ಸಿಎನ್‌ಸಿ ಲೇತ್ ಇದ್ದವು, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ಲೋಹ ಕಡೆಯುವ ಮಷಿನ್. ಸೆಟ್ಟಿಂಗ್, ಅಂದರೆ ಹೊಸ ಜಾಬಿಗೆ ಮಷಿನ್ ಸಿದ್ಧ ಮಾಡುವುದು, ಪೂರ್ತಿ ಗೊತ್ತಿದ್ದವರು ಒಬ್ಬರೇ. ಅವರಿಗೆ ಆಪರೇಷನ್ ಆಗಿ ಮೂರು ವಾರ ರಜೆ ಹಾಕಿದರು. ಮೊದಲ ವಾರ ಫೋನಿನಲ್ಲಿ ಕೇಳಿ ಕೇಳಿ ಹೇಗೋ ನೂಕಿದೆವು. ಎರಡನೇ ವಾರ ಎರಡು ಮಷಿನ್ ನಿಂತವು. ಯಾವ ಜಾಬಿಗೆ ಪೀಸ್ ಹಿಡಿಯುವ ಚಕ್ಕಿನ ಪ್ರೆಶರ್ ಎಷ್ಟು, ಒಳಗೆ ಕಡೆಯುವ ಬೋರಿಂಗ್ ಬಾರ್ ಎಷ್ಟು ಹೊರಗೆ ಚಾಚಿರಬೇಕು, ಟೂಲಿನ ತುದಿಯ ಇನ್ಸರ್ಟ್ ಎಷ್ಟು ಪೀಸಿಗೊಮ್ಮೆ ತಿರುಗಿಸಬೇಕು ಎಂಬುದೆಲ್ಲ ಅವರ ಜೇಬಿನ ಪುಟ್ಟ ಡೈರಿಯಲ್ಲಿ ಇತ್ತಂತೆ. ಡೈರಿ ಅವರ ಜೊತೆ ಆಸ್ಪತ್ರೆಯಲ್ಲಿತ್ತು.

ಆ ಮೂರು ವಾರದಲ್ಲಿ ಹೋದ ದುಡ್ಡಿನ ಲೆಕ್ಕ ಹಾಕಿದಾಗ, ವಾರಕ್ಕೆ ಒಂದು ಗಂಟೆ ಬಿಡಿಸಿಕೊಂಡು ಇನ್ನೊಬ್ಬರಿಗೆ ಕಲಿಸಿದ್ದರೆ ಎರಡು ವರ್ಷಕ್ಕೂ ಅಷ್ಟು ಖರ್ಚಾಗುತ್ತಿರಲಿಲ್ಲ. ಕೆಳಗೆ ಬರೆದಿರುವುದೆಲ್ಲ ಆ ಡೈರಿಯನ್ನು ಜೇಬಿನಿಂದ ಹೊರಗೆ ತರುವ ದಾರಿಗಳು. ಕೋರ್ಸು, ಸರ್ಟಿಫಿಕೇಟು, ಸರ್ಕಾರದ ಸ್ಕೀಮು ಎಲ್ಲವೂ ಬೇಕು, ಅದನ್ನೂ ಹೇಳುತ್ತೇನೆ. ಆದರೆ ಅವು ಎರಡನೇ ಮಾತು.

ಮೊದಲು ಬೋರ್ಡ್ ಅಳಿಸಿ

ಬೋರ್ಡಿನಲ್ಲಿ ಒಂದು ಟೇಬಲ್ ಎಳೆಯಿರಿ. ಎಡಗಡೆ ಜನರ ಹೆಸರು, ಮೇಲೆ ಕೆಲಸಗಳು. ಇದಕ್ಕೆ ಸ್ಕಿಲ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಐಎಸ್‌ಒ 9001 ಎಂಬ ಗುಣಮಟ್ಟದ ಸರ್ಟಿಫಿಕೇಟ್ ತಗೊಂಡ ಕಂಪನಿಗಳಲ್ಲಿ ಇದು ಹೆಚ್ಚಾಗಿ ಫೈಲಿನಲ್ಲಿ ಇದ್ದೇ ಇರುತ್ತದೆ. 2015ರ ಆವೃತ್ತಿಯ 7.2ನೇ ವಿಭಾಗ ಯಾವ ಕೆಲಸಕ್ಕೆ ಯಾವ ಸಾಮರ್ಥ್ಯ ಬೇಕು ಎಂದು ಗುರುತಿಸಿ, ಇಲ್ಲದಿದ್ದರೆ ಕಲಿಸಿ, ಕಲಿಸಿದ್ದು ಫಲ ಕೊಟ್ಟಿತೇ ನೋಡಿ, ದಾಖಲೆ ಇಡಿ ಎಂದು ಹೇಳುತ್ತದೆ. ತುಂಬಾ ಒಳ್ಳೆ ಮಾತು. ಆದರೆ ಆಡಿಟ್‌ಗೆ ಹಿಂದಿನ ಸಂಜೆ ಎಲ್ಲರಿಗೂ ಒಂದೇ ಪೆನ್ನಿನಲ್ಲಿ ಟಿಕ್ ಹಾಕಿ ಮುಗಿಸುವುದು ನನಗೆ ಗೊತ್ತು, ನಿಮಗೂ ಗೊತ್ತು. ಆ ಫೈಲನ್ನು ಅಲ್ಲೇ ಬಿಡಿ. ಗೋಡೆಯ ಮೇಲೆ ಹೊಸದು ಬರೆಯಿರಿ.

ಕೆಲಸವನ್ನು ದೊಡ್ಡದಾಗಿ ಬರೆದರೆ ಉಪಯೋಗವಿಲ್ಲ. "ಸಿಎನ್‌ಸಿ" ಎಂದು ಒಂದು ಕಾಲಂ ಮಾಡಿದರೆ ಎಲ್ಲರಿಗೂ ಬರುತ್ತದೆ ಎಂದೇ ಕಾಣುತ್ತದೆ. ಪ್ರೋಗ್ರಾಂ ಲೋಡ್ ಮಾಡಿ ಓಡಿಸುವುದು ಒಂದು. ಆಫ್‌ಸೆಟ್ ಕೊಡುವುದು, ಅಂದರೆ ಟೂಲಿನ ಜಾಗವನ್ನು ಅಂಕಿ ಹಾಕಿ ತಿದ್ದುವುದು, ಇನ್ನೊಂದು. ಸಾಫ್ಟ್ ಜಾ (ಚಕ್ಕಿನ ಮೆತ್ತನೆಯ ಹಲ್ಲು) ಪೀಸಿನ ಅಳತೆಗೆ ಬೋರ್ ಮಾಡುವುದು, ಹೊಸ ಜಾಬಿನ ಮೊದಲ ಪೀಸ್ ತೆಗೆಯುವುದು, ಡ್ರಾಯಿಂಗ್ ಓದುವುದು, ಅಲಾರಂ ಬಂದಾಗ ಕಾರಣ ಹುಡುಕುವುದು, ಇವೆಲ್ಲ ಬೇರೆ ಬೇರೆ. ಹೀಗೆ ಬಿಡಿಸಿ ಬರೆದಾಗಲೇ ತೂತು ಎಲ್ಲಿದೆ ಎಂದು ಕಾಣುವುದು.

ಟೇಬಲಿನ ಒಂದೊಂದು ಚೌಕಕ್ಕೂ ನಾಲ್ಕು ಮಟ್ಟ ಸಾಕು. ಜಪಾನಿನ ಕಾರ್ಖಾನೆಗಳಿಂದ ಬಂದ ಒಂದು ಗುರುತಿನ ಪದ್ಧತಿ ನನಗೆ ಇಷ್ಟ: ಕಲಿಯಲು ಶುರು ಮಾಡಿದವರಿಗೆ ಒಂದು ಗೆರೆ, ಯಾರಾದರೂ ಪಕ್ಕದಲ್ಲಿದ್ದರೆ ಮಾಡುವವರಿಗೆ ಎರಡು, ಒಬ್ಬರೇ ಮಾಡಬಲ್ಲವರಿಗೆ ಮೂರು, ನಾಲ್ಕೂ ಗೆರೆ ಸೇರಿ ಚೌಕ ಮುಚ್ಚಿದರೆ ಆ ವ್ಯಕ್ತಿ ಬೇರೆಯವರಿಗೆ ಕಲಿಸಬಲ್ಲರು ಎಂದರ್ಥ. ಮೂರನೇ ಗೆರೆಗೂ ನಾಲ್ಕನೆಯದಕ್ಕೂ ಇರುವ ದೂರ ಸಣ್ಣದಲ್ಲ. ಚೆನ್ನಾಗಿ ಕೆಲಸ ಮಾಡುವ ಎಲ್ಲರೂ ಚೆನ್ನಾಗಿ ಕಲಿಸುತ್ತಾರೆ ಎಂದುಕೊಂಡೇ ಅರ್ಧ ಕಂಪನಿಗಳು ಕೈ ಸುಟ್ಟುಕೊಳ್ಳುವುದು.

ಈ ಟೇಬಲನ್ನು ಮಾಲೀಕರು ಒಬ್ಬರೇ ಕೂತು ತುಂಬಬಾರದು. ಸೂಪರ್‌ವೈಸರ್ ಒಬ್ಬರು, ಆ ಕೆಲಸ ಮಾಡುವವರು ಒಬ್ಬರು, ಇಬ್ಬರೂ ಬೋರ್ಡಿನ ಮುಂದೆ ನಿಂತು ಮಾತಾಡಿ ಗೆರೆ ಎಳೆಯಲಿ. ಸ್ವಲ್ಪ ಜಗಳ ಆಗುತ್ತದೆ. ಆಗಲಿ ಬಿಡಿ. "ನನಗೆ ಬರುತ್ತೆ" ಎಂದವರಿಗೆ "ಹಾಗಿದ್ರೆ ನಾಳೆ ಒಂದು ಸೆಟಪ್ ಮಾಡಿ ತೋರಿಸಿ" ಅಂದರೆ ಸಾಕು, ವಿಷಯ ಇತ್ಯರ್ಥ. ಇದನ್ನು ಸಂಬಳ ಕಡಿಮೆ ಮಾಡಲು ಬಳಸುವುದಿಲ್ಲ ಎಂದು ಮೊದಲ ದಿನವೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಇಲ್ಲದಿದ್ದರೆ ಯಾರೂ ನಿಜ ಹೇಳುವುದಿಲ್ಲ.

ಈಗ ಮೂರು ಗೆರೆ ಇರುವವರು ಒಬ್ಬರೇ ಇರುವ ಕಾಲಂಗಳಿಗೆ ಕೆಂಪು ಸುತ್ತು ಹಾಕಿ. ಸಾಮಾನ್ಯವಾಗಿ ಆರೋ ಏಳೋ ಸಿಗುತ್ತವೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಯಾವುದು ನಿಂತರೆ ಡಿಸ್ಪ್ಯಾಚ್ ನಿಲ್ಲುತ್ತದೋ ಅಂಥ ಎರಡು ಕೆಲಸ ಆರಿಸಿ. ಮುಂದಿನ ಮೂರು ತಿಂಗಳ ಟ್ರೈನಿಂಗ್ ಪ್ಲಾನ್ ಅಂದರೆ ಅಷ್ಟೇ.

ಕೆಲಸವನ್ನು ಕಾಗದದ ಮೇಲೆ ಬಿಡಿಸಿ

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು, ಯಾಕಂದರೆ ನಮಗೆ ಬೇಕಾದ ವಿಧಾನ ಎಂಬತ್ತು ವರ್ಷ ಹಿಂದೆಯೇ ಸಿದ್ಧವಾಗಿದೆ. 1940ರಲ್ಲಿ ಅಮೆರಿಕದಲ್ಲಿ ಯುದ್ಧದ ತಯಾರಿ ನಡೆದಿತ್ತು. ಲೆನ್ಸ್ ಉಜ್ಜುವ ನುರಿತ ಕೆಲಸಗಾರರು ಸಾಲುತ್ತಿರಲಿಲ್ಲ. ಆ ಕಸುಬು ಕೈಗೆ ಹತ್ತಲು ವರ್ಷಗಳೇ ಬೇಕು ಎಂಬ ನಂಬಿಕೆ ಇತ್ತು. ಕೂತು ನೋಡಿದಾಗ, ಅದು ಒಂದು ಕೆಲಸವಲ್ಲ, ಹಲವು ಸಣ್ಣ ಕೆಲಸಗಳ ಗಂಟು, ಅದರಲ್ಲಿ ನಿಜವಾದ ನಾಜೂಕು ಕೇಳುವವು ಕೆಲವೇ ಎಂದು ಕಂಡಿತು. ಗಂಟು ಬಿಚ್ಚಿ ಕಲಿಸಿದಾಗ ವರ್ಷಗಳ ಕಲಿಕೆ ತಿಂಗಳುಗಳಿಗೆ ಇಳಿಯಿತು. 1940ರಿಂದ 1945ರವರೆಗೆ ನಡೆದ ಆ ಕಾರ್ಯಕ್ರಮದ ಹೆಸರು ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಚಿಕ್ಕದಾಗಿ ಟಿಡಬ್ಲ್ಯುಐ. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಅದನ್ನು ಮರೆತೇಬಿಟ್ಟರು. ಜಪಾನ್ ಎತ್ತಿಕೊಂಡಿತು. ಟೊಯೋಟಾದಲ್ಲಿ ಇವತ್ತು ಕೆಲಸ ಕಲಿಸುವ ಕ್ರಮದ ಬೇರು ಅದೇ.

ಅದರ ಕಾಗದ ತೀರಾ ಸರಳ. ಮೂರು ಕಾಲಂ: ಏನು ಮಾಡಬೇಕು, ಎಲ್ಲಿ ಹುಷಾರಾಗಿರಬೇಕು, ಯಾಕೆ. ಒಂದು ಪುಟ ಮೀರಬಾರದು. ಮೀರಿದರೆ ಅದು ಎರಡು ಕೆಲಸ.

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಲೇತಿನಿಂದ ಬಂದ ಉಕ್ಕಿನ ಶಾಫ್ಟಿನ ಡಯಾ ಅಳೆದು ಆಫ್‌ಸೆಟ್ ಕೊಡುವುದು. ಡ್ರಾಯಿಂಗಿನಲ್ಲಿ 29.98ರಿಂದ 30.00 ಮಿ.ಮೀ. ಅಂದರೆ ಆಟ (ಇದಕ್ಕೇ ಟಾಲರೆನ್ಸ್ ಅನ್ನುವುದು) ಇರುವುದು 20 ಮೈಕ್ರಾನ್ ಮಾತ್ರ, ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್.

ಮೊದಲ ಹೆಜ್ಜೆ, ಪೀಸ್ ಒರೆಸುವುದು. ಹುಷಾರು: ಅಂಚಿನ ಬರ್ (ಕತ್ತರಿಸಿದಾಗ ಉಳಿದ ಚೂಪು ಸಿಪ್ಪೆ) ತೆಗೆದಿರಬೇಕು, ಮೈಕ್ರೋಮೀಟರಿನ ಮುಖಗಳನ್ನೂ ಒರೆಸಬೇಕು. ಯಾಕೆ? ನಡುವೆ ಸಿಕ್ಕ ಒಂದು ಸಣ್ಣ ಚೂರು ಕೂಡ ಮೈಕ್ರಾನ್‌ಗಟ್ಟಲೆ ಸುಳ್ಳು ಹೇಳಿಸುತ್ತದೆ. ಎರಡನೆಯದು, ತಣ್ಣಗಾಗಲು ಬಿಡುವುದು. ಇದನ್ನು ಹಳಬರು ಹೇಳುವುದೇ ಇಲ್ಲ, ಯಾಕಂದರೆ ಅವರ ಕೈಗೇ ಗೊತ್ತಾಗುತ್ತದೆ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ಸಿಗೆ ಅಂತ ಲೆಕ್ಕ. 30 ಮಿ.ಮೀ. ಉಕ್ಕಿನ ಶಾಫ್ಟ್ ಅದಕ್ಕಿಂತ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 7 ಮೈಕ್ರಾನ್ ದಪ್ಪ ತೋರಿಸುತ್ತದೆ. ಇರುವ ಟಾಲರೆನ್ಸಿನ ಮೂರನೇ ಒಂದು ಭಾಗ ಬಿಸಿಯಲ್ಲೇ ಹೋಯಿತು! ಹೊಸಬರು ಬಿಸಿ ಪೀಸ್ ಅಳೆದು, ದಪ್ಪ ಬಂತು ಎಂದು ಆಫ್‌ಸೆಟ್ ತಿದ್ದುತ್ತಾರೆ, ಸಂಜೆ ಇನ್‌ಸ್ಪೆಕ್ಷನ್‌ನಲ್ಲಿ ಅಂಡರ್‌ಸೈಜ್ ಬಂದಾಗ ಮಷಿನ್ ಸರಿಯಿಲ್ಲ ಎನ್ನುತ್ತಾರೆ.

ಮೂರನೆಯದು, 25-50ರ ಮೈಕ್ರೋಮೀಟರನ್ನು ಅದರ 25 ಮಿ.ಮೀ. ಸೆಟ್ಟಿಂಗ್ ಪೀಸ್ ಹಾಕಿ ಜೀರೋ ನೋಡುವುದು. ನಾಲ್ಕನೆಯದು ಅಳೆಯುವುದು. ತುದಿಯ ರ್ಯಾಚೆಟ್ ಹಿಡಿದು ನಿಧಾನಕ್ಕೆ ತಿರುಗಿಸಿ ಎರಡು ಮೂರು ಸಲ ಟಿಕ್ ಟಿಕ್ ಎನ್ನಬೇಕು, ಥಿಂಬಲ್ (ಅಂಕಿ ಇರುವ ತಿರುಗುವ ಭಾಗ) ಹಿಡಿದು ಬಿಗಿಯಬಾರದು, ಯಾಕಂದರೆ ಬಿಗಿದವರ ಕೈಬಲ ರೀಡಿಂಗಿನಲ್ಲಿ ಸೇರಿಕೊಳ್ಳುತ್ತದೆ. ಶಾಫ್ಟಿನ ಎರಡೂ ತುದಿಯಲ್ಲಿ ಅಳೆಯಬೇಕು, ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಐದನೆಯದು ಆಫ್‌ಸೆಟ್. ರೀಡಿಂಗ್ 30.03 ಬಂತು ಅಂತಿಟ್ಟುಕೊಳ್ಳಿ. ಗುರಿ 30.00 ಅಲ್ಲ, ಟಾಲರೆನ್ಸಿನ ನಡು, 29.99. ಹಾಗಾಗಿ ವೇರ್ ಆಫ್‌ಸೆಟ್ಟಿಗೆ (ಟೂಲಿನ ಸವೆತ ಸರಿದೂಗಿಸುವ ಅಂಕಿ) ಮೈನಸ್ 0.04 ಸೇರಿಸಬೇಕು. ಇಲ್ಲಿ ಮೂರು ಹುಷಾರು ಇವೆ. ಮೈನಸ್ ಗುರುತು. ಹಳೆಯ ಅಂಕಿಗೆ ಸೇರಿಸುವ ಕೀ ಒತ್ತಬೇಕೇ ಹೊರತು ಹಳೆಯದನ್ನು ಅಳಿಸುವ ಕೀ ಅಲ್ಲ. ಆಮೇಲೆ ದಶಮಾಂಶದ ಚುಕ್ಕಿ. ಕೆಲವು ಕಂಟ್ರೋಲ್‌ಗಳಲ್ಲಿ ಚುಕ್ಕಿ ಇಲ್ಲದೆ 4 ಎಂದು ಹೊಡೆದರೆ 4 ಮೈಕ್ರಾನ್, ಚುಕ್ಕಿ ಹಾಕಿ ಹೊಡೆದರೆ 4 ಮಿ.ಮೀ. ಒಂದು ಚುಕ್ಕಿಗೆ ಸಾವಿರ ಪಟ್ಟು ವ್ಯತ್ಯಾಸ. ಮಷಿನ್ ಬಗ್ಗೆ ಎಷ್ಟು ಲೆಕ್ಚರ್ ಕೊಟ್ಟರೂ, ಈ ಒಂದು ಚುಕ್ಕಿ ಹೇಳದಿದ್ದರೆ ಟೂಲ್ ಹೋಗಿ ಜಾಬಿಗೆ ಗುದ್ದುತ್ತದೆ.

ನೋಡಿ, ಐದು ಹೆಜ್ಜೆ, ಒಂದು ಪುಟ. ಬರೆಯಲು ಒಂದು ಗಂಟೆ ಸಾಕು. ಬರೆಯುವ ವಿಧಾನ ಹೀಗೆ: ಹಳಬರನ್ನು ಕೂರಿಸಿ ಕೇಳಬೇಡಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಕೂರಿಸಿ ಕೇಳಿದರೆ "ಏನಿಲ್ಲ, ಸುಮ್ನೆ ಅಳೆದು ಆಫ್‌ಸೆಟ್ ಕೊಡೋದು ಅಷ್ಟೇ" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ಅವರಿಗೆ ತಮ್ಮ ಕೈ ಏನು ಮಾಡುತ್ತಿದೆ ಎಂಬುದೇ ಮರೆತುಹೋಗಿರುತ್ತದೆ. ನಿಂತು ನೋಡುವಾಗ ಅವರು ಪೀಸನ್ನು ಕೆನ್ನೆಗೆ ತಾಗಿಸಿ ಬಿಸಿ ನೋಡುತ್ತಾರೆ. ಆಗ ಕೇಳಿ, ಅದ್ಯಾಕೆ?

ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುವುದು ಒಳ್ಳೆಯದೇ. ಎರಡು ನಿಮಿಷ ಮೀರದಿರಲಿ, ಕೈ ಕಾಣಲಿ, ಮುಖ ಬೇಡ. ಆದರೆ ವಿಡಿಯೋ ಈ ಪುಟದ ಜಾಗ ತುಂಬುವುದಿಲ್ಲ, ಯಾಕಂದರೆ ವಿಡಿಯೋದಲ್ಲಿ "ಯಾಕೆ" ಕಾಣುವುದಿಲ್ಲ.

ಕಲಿಸುವವರಿಗೂ ಕಲಿಸಬೇಕು

ಟಿಡಬ್ಲ್ಯುಐನ ಒಂದು ಮಾತು ಇವತ್ತಿಗೂ ಚಾಲ್ತಿಯಲ್ಲಿದೆ: ಕೆಲಸಗಾರ ಕಲಿತಿಲ್ಲ ಎಂದರೆ ಕಲಿಸುವವರು ಕಲಿಸಿಲ್ಲ. ಹೊಸಬರಿಗೆ ತಲೆ ಇಲ್ಲ ಎಂದು ಬೈಯುವ ಮೊದಲು ಇದನ್ನೊಮ್ಮೆ ನೆನೆಸಿಕೊಳ್ಳಿ.

ವಿಧಾನಕ್ಕೆ ನಾಲ್ಕು ಹಂತ. ಮೊದಲು ಕಲಿಯುವವರನ್ನು ನಿರಾಳ ಮಾಡಿ, ಅವರಿಗೆ ಏನು ಗೊತ್ತು ಕೇಳಿ, ಸರಿಯಾದ ಕಡೆ ನಿಲ್ಲಿಸಿ. ಎದುರು ನಿಲ್ಲಿಸಿದರೆ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಾಣುತ್ತದೆ, ಪಕ್ಕದಲ್ಲಿ ನಿಲ್ಲಿಸಿ. ಆಮೇಲೆ ಮಾಡಿ ತೋರಿಸಿ: ಒಂದು ಸಲ ಹೆಜ್ಜೆ ಮಾತ್ರ ಹೇಳುತ್ತಾ, ಇನ್ನೊಂದು ಸಲ ಹುಷಾರು ಸೇರಿಸಿ, ಮೂರನೇ ಸಲ ಯಾಕೆ ಎಂಬುದನ್ನೂ ಸೇರಿಸಿ. ಮೂರನೇ ಹಂತದಲ್ಲಿ ಅವರ ಕೈಯಲ್ಲಿ ಮಾಡಿಸಿ. ಮೊದಲ ಸಲ ಸುಮ್ನೆ ಮಾಡಲಿ, ಆಮೇಲೆ ಬಾಯಿಬಿಟ್ಟು ಹೆಜ್ಜೆ, ಹುಷಾರು, ಕಾರಣ ಹೇಳುತ್ತಾ ಮಾಡಲಿ. ಇದೇ ಇಡೀ ವಿಧಾನದ ಜೀವ. ಬಾಯಲ್ಲಿ ಹೇಳಲು ಬಾರದಿದ್ದರೆ ನಿಮ್ಮ ಕೈ ನೋಡಿ ನಕಲು ಮಾಡಿದ್ದಾರೆ ಅಷ್ಟೇ. ಕೊನೆಗೆ ಒಬ್ಬರನ್ನೇ ಬಿಡಿ, ಡೌಟ್ ಬಂದರೆ ಯಾರನ್ನು ಕೇಳಬೇಕು ಎಂದು ಹೆಸರು ಹೇಳಿ, ಮೊದಮೊದಲು ಗಂಟೆಗೊಮ್ಮೆ ಹೋಗಿ ನೋಡಿ, ಆಮೇಲೆ ಕಡಿಮೆ ಮಾಡಿ.

ಜರ್ಮನಿಯಲ್ಲಿ ಅಪ್ರೆಂಟಿಸ್‌ಗಳಿಗೆ ಕಲಿಸುವವರು ತಾವೇ ಒಂದು ಪರೀಕ್ಷೆ ಪಾಸಾಗಿರಬೇಕು ಎಂಬ ನಿಯಮ ಇದೆ. ಕಸುಬು ಬಂದರೆ ಸಾಲದು, ಕಲಿಸುವುದೂ ಬರಬೇಕು ಎಂದು. ನಮ್ಮ ಶಾಪಿಗೆ ಪರೀಕ್ಷೆ ಬೇಡ. ಆದರೆ ಕಲಿಸುವವರನ್ನು ಆರಿಸುವಾಗ ಎಲ್ಲರಿಗಿಂತ ವೇಗವಾಗಿ ಕೆಲಸ ಮಾಡುವವರನ್ನೇ ಹಿಡಿಯಬೇಡಿ. ಅವರಿಗೆ ತಾಳ್ಮೆ ಇರುವುದಿಲ್ಲ, ನಡುವೆ "ತೆಗಿ ಈ ಕಡೆ" ಎಂದು ಕಿತ್ತುಕೊಂಡು ತಾವೇ ಮಾಡುತ್ತಾರೆ. ಎರಡು ವರ್ಷ ಹಿಂದೆ ತಾನೂ ಹೊಸಬರಾಗಿದ್ದವರು ಎಷ್ಟೋ ಸಲ ವಾಸಿ. ತಾವು ಎಡವಿದ ಜಾಗ ಅವರಿಗೆ ಇನ್ನೂ ನೆನಪಿರುತ್ತದೆ.

ಹಳಬರು ಯಾಕೆ ಕಲಿಸಲು ಹಿಂದೇಟು ಹಾಕುತ್ತಾರೆ ಎಂಬುದನ್ನೂ ನೇರವಾಗಿ ಮಾತಾಡಬೇಕು. ಡೈರಿ ಹೊರಗೆ ಬಂದರೆ ನನ್ನ ಬೆಲೆ ಏನು ಎಂಬ ಭಯ. ಈ ಭಯಕ್ಕೆ ಕಾರಣವಿದೆ, ಹಳಬರಿಂದ ಕಲಿತುಕೊಂಡು ಆಮೇಲೆ ಅವರನ್ನೇ ಮನೆಗೆ ಕಳಿಸಿದ ಕಂಪನಿಗಳು ಇವೆ. ಬಾಯಿಮಾತಿನ ಸಮಾಧಾನ ಇಲ್ಲಿ ಕೆಲಸ ಮಾಡುವುದಿಲ್ಲ. ಕಲಿಸುವ ಹೊತ್ತಿಗೆ ಅವರ ಪ್ರೊಡಕ್ಷನ್ ಟಾರ್ಗೆಟ್ ಇಳಿಸಿ. ಒಬ್ಬರನ್ನು ಮೂರನೇ ಗೆರೆಗೆ ತಂದಾಗ ಒಂದು ಮೊತ್ತ ಕೊಡಿ. ಆ ಒಂದು ಪುಟದ ಕೆಳಗೆ ಅವರ ಹೆಸರು ಹಾಕಿ. ಕೊನೆಯದು ಸಣ್ಣ ವಿಷಯ ಎನಿಸಬಹುದು, ಆದರೆ ದುಡ್ಡಿಗಿಂತ ಅದಕ್ಕೇ ಮುಖ ಅರಳುವುದನ್ನು ನೋಡಿದ್ದೇನೆ.

ಟೈಮ್ ಹುಡುಕುವುದು

ಅರ್ಧ ಗಂಟೆ, ವಾರಕ್ಕೆ ಎರಡು ಸಲ, ಶಿಫ್ಟಿನ ಶುರುವಿನಲ್ಲಿ. ಸಂಜೆ ಇಟ್ಟರೆ ನಡೆಯುವುದಿಲ್ಲ, ಯಾವತ್ತೂ ಒಂದು ಅರ್ಜೆಂಟ್ ಲಾಟ್ ಇದ್ದೇ ಇರುತ್ತದೆ. ಓವರ್‌ಟೈಮ್ ಕೊಡದೆ ಡ್ಯೂಟಿ ಮುಗಿದ ಮೇಲೆ ಕೂರಿಸುವುದಂತೂ ಬೇಡವೇ ಬೇಡ.

ಒಂದೇ ದಿನ ಆರು ಗಂಟೆ ಕಲಿಸುವುದಕ್ಕಿಂತ ಆರು ವಾರಕ್ಕೆ ಹರಡಿ ಕಲಿಸುವುದು ವಾಸಿ. ಕಲಿತದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಮರೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ. ನಡುನಡುವೆ ಮತ್ತೆ ಮಾಡಿಸಿದರೆ ನಿಲ್ಲುತ್ತದೆ. (ಓದಿದ್ದು 10 ಪರ್ಸೆಂಟ್ ನೆನಪಿರುತ್ತದೆ, ಮಾಡಿದ್ದು 90 ಪರ್ಸೆಂಟ್ ಎಂಬ ಪಿರಮಿಡ್ ಚಿತ್ರ ಟ್ರೈನಿಂಗ್ ಸ್ಲೈಡುಗಳಲ್ಲಿ ಓಡಾಡುತ್ತದೆಯಲ್ಲ, ಆ ಅಂಕಿಗಳಿಗೆ ಬುಡವಿಲ್ಲ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲ ಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ.)

ಹೊಸಬರು ಮೊದಲ ಮೊದಲು ಸ್ಕ್ರ್ಯಾಪ್ ಮೆಟೀರಿಯಲ್ ಮೇಲೆ ಕೈ ಪಳಗಿಸಲಿ. ಒಂದು ಡಬ್ಬಿಯಲ್ಲಿ ರಿಜೆಕ್ಟ್ ಆದ ಪೀಸ್‌ಗಳನ್ನು ಎತ್ತಿಡಿ, ಒಂದೊಂದಕ್ಕೂ ನಂಬರ್ ಹೊಡೆಯಿರಿ, ಸರಿಯಾದ ಅಳತೆ ಒಂದು ಚೀಟಿಯಲ್ಲಿ ಬರೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹತ್ತು ಪೀಸ್ ಅಳೆಯಲು ಕೊಡಿ. ಮರುದಿನ ಅದೇ ಹತ್ತು ಮತ್ತೆ ಕೊಡಿ. ಎರಡೂ ದಿನದ ಅಂಕಿ ಒಂದಕ್ಕೊಂದು ಹೊಂದುತ್ತಿಲ್ಲ ಎಂದರೆ ಮಷಿನ್ ಹತ್ತಿರ ಕಳಿಸುವ ಹೊತ್ತು ಇನ್ನೂ ಬಂದಿಲ್ಲ. ಖರ್ಚು ಸೊನ್ನೆ.

ವೆಲ್ಡಿಂಗ್ ಇರುವ ಶಾಪಿನವರು ಇನ್ನೊಂದು ನೆನಪಿಡಿ. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್‌ಗಳ ಸಂಸ್ಥೆ) ಕೋಡಿನ ಒಂಬತ್ತನೇ ಸೆಕ್ಷನ್ ಪ್ರಕಾರ ವೆಲ್ಡರ್ ಒಂದು ಪ್ರೋಸೆಸ್ಸಿನಲ್ಲಿ ಆರು ತಿಂಗಳು ಕೆಲಸ ಮಾಡದಿದ್ದರೆ ಆ ಪ್ರೋಸೆಸ್ಸಿನ ಅರ್ಹತೆ ಹೋಗುತ್ತದೆ. ದುಡ್ಡು ಕೊಟ್ಟು ಟಿಗ್ ಎಂಬ ಪ್ರೋಸೆಸ್ಸಿನ ಟೆಸ್ಟ್ ಮಾಡಿಸಿ, ಆಮೇಲೆ ವರ್ಷಪೂರ್ತಿ ಮಿಗ್ ಎಂಬ ಇನ್ನೊಂದರ ಮೇಲೇ ಕೂರಿಸಿದರೆ ಕಾಗದ ಗೋಡೆಯ ಮೇಲೆ ಇದ್ದೂ ಇಲ್ಲದಂತೆ. ಯಾರು ಯಾವಾಗ ಯಾವ ಪ್ರೋಸೆಸ್ ಮಾಡಿದರು ಎಂದು ಒಂದು ರಿಜಿಸ್ಟರ್ ಇಡಿ. ಇದೇ ಮಾತು ಬೋರ್ಡಿನ ಎಲ್ಲ ಗೆರೆಗಳಿಗೂ ಹೊಂದುತ್ತದೆ: ವರ್ಷದಿಂದ ಮುಟ್ಟದ ಕೆಲಸದ ಮೂರನೇ ಗೆರೆ ಅಳಿಸಿ ಎರಡಕ್ಕೆ ಇಳಿಸಬೇಕು.

ಸೇಫ್ಟಿಯನ್ನು ಯಾವ ಟೇಬಲ್ಲಿಗೂ ಸೇರಿಸದೆ ಮೊದಲ ದಿನವೇ ಹೇಳಿ ಮುಗಿಸಿ. ಎಮರ್ಜೆನ್ಸಿ ಸ್ಟಾಪ್ ಎಲ್ಲಿದೆ ಎಂದು ತೋರಿಸುವುದಲ್ಲ, ಅವರ ಕೈಯಿಂದಲೇ ಒತ್ತಿಸಿ. ತಿರುಗುವ ಲೇತಿನ ಹತ್ತಿರ ಗ್ಲೌಸ್ ಬೇಡ, ಸಡಿಲ ತೋಳು ಬೇಡ. ಚಕ್ ಕೀ ಚಕ್ಕಿನಲ್ಲೇ ಬಿಟ್ಟು ಕೈ ತೆಗೆಯಬಾರದು. ಇದು ಪೂರ್ತಿ ಬಾರದವರು ಮಷಿನ್ ಮುಟ್ಟುವಂತಿಲ್ಲ.

ಹೊರಗಿನ ಸಹಾಯ, ಹೊರಗಿನ ದುಡ್ಡು

ಒಳಗೆ ಕಲಿಸಲಾಗದ್ದು ಇದ್ದೇ ಇರುತ್ತದೆ. ಐದು ಆಕ್ಸಿಸ್ ಮಷಿನ್, ಹೈಡ್ರಾಲಿಕ್ಸ್, ಪಿಎಲ್‌ಸಿ (ಮಷಿನ್ ನಡೆಸುವ ಪುಟ್ಟ ಕಂಪ್ಯೂಟರ್), ಶಾಪಿನಲ್ಲಿ ಯಾರಿಗೂ ಗೊತ್ತಿಲ್ಲದ ಹೊಸ ಸಾಫ್ಟ್‌ವೇರ್. ಇಲ್ಲಿ ಬೇರೆ ಬೇರೆ ದೇಶಗಳು ಸಣ್ಣ ಕಂಪನಿಗಳ ಒಂದೇ ತೊಂದರೆಯನ್ನು ಹೇಗೆ ಬಿಡಿಸಿಕೊಂಡಿವೆ ಎಂದು ನೋಡಿದರೆ ನಮಗೂ ಒಂದು ದಾರಿ ಸಿಗುತ್ತದೆ.

ಜರ್ಮನಿಯ ಅಪ್ರೆಂಟಿಸ್ ಪದ್ಧತಿ ಎಲ್ಲರಿಗೂ ಗೊತ್ತು. 1969ರ ಕಾನೂನಿನ ಅಡಿಯಲ್ಲಿ ನಡೆಯುತ್ತದೆ, ವಾರದಲ್ಲಿ ಮೂರು ನಾಲ್ಕು ದಿನ ಕಂಪನಿ, ಉಳಿದ ದಿನ ಸ್ಕೂಲ್, ಇಂಡಸ್ಟ್ರಿಯಲ್ ಮೆಕ್ಯಾನಿಕ್ ಆಗಲು ಮೂರೂವರೆ ವರ್ಷ. ಆದರೆ ಹೆಚ್ಚು ಜನ ಗಮನಿಸದ ಭಾಗ ಬೇರೆ ಇದೆ. ಸಣ್ಣ ಶಾಪಿನಲ್ಲಿ ಪಠ್ಯದ ಎಲ್ಲ ಮಷಿನ್ ಇರುವುದಿಲ್ಲ. ಅದಕ್ಕೆ ಕಂಪನಿಗಳ ಆಚೆ ಎಲ್ಲರಿಗೂ ಸಾಮಾನ್ಯವಾದ ಟ್ರೈನಿಂಗ್ ಸೆಂಟರ್‌ಗಳಿವೆ, ಜೊತೆಗೆ ನಾಲ್ಕೈದು ಕಂಪನಿ ಸೇರಿ ಒಬ್ಬ ಅಪ್ರೆಂಟಿಸನ್ನು ಹಂಚಿಕೊಳ್ಳುತ್ತವೆ. ಗ್ರೈಂಡಿಂಗ್ ನಿಮ್ಮಲ್ಲಿ, ವೆಲ್ಡಿಂಗ್ ಪಕ್ಕದವರಲ್ಲಿ. ಆಸ್ಟ್ರೇಲಿಯಾದಲ್ಲಿ ಇದನ್ನೇ ಇನ್ನೊಂದು ಥರ ಮಾಡಿದ್ದಾರೆ: ಅಪ್ರೆಂಟಿಸ್‌ಗೆ ಸಂಬಳ ಕೊಡುವುದು, ಕಾಗದಪತ್ರ ನೋಡುವುದೆಲ್ಲ ಗ್ರೂಪ್ ಟ್ರೈನಿಂಗ್ ಸಂಸ್ಥೆ, ಕೆಲಸ ಕಲಿಸುವುದು ಮಾತ್ರ ಕಂಪನಿ. ಒಂದು ಕಡೆ ಆರ್ಡರ್ ಕಡಿಮೆಯಾದರೆ ಅವರನ್ನು ಇನ್ನೊಂದು ಕಡೆ ಹಾಕುತ್ತಾರೆ, ಕಲಿಕೆ ನಿಲ್ಲುವುದಿಲ್ಲ. ದಕ್ಷಿಣ ಕೊರಿಯಾ 2001ರಿಂದ ದೊಡ್ಡ ಕಂಪನಿಗಳ ಟ್ರೈನಿಂಗ್ ಸೆಂಟರನ್ನು ಸಣ್ಣ ಕಂಪನಿಗಳ ಜನರಿಗೆ ತೆರೆದು, ಅದಕ್ಕೆ ಸರ್ಕಾರದಿಂದ ದುಡ್ಡು ಕೊಡುತ್ತಿದೆ.

ಈ ಮೂರರಲ್ಲಿ ಕಾನೂನು, ಸರ್ಕಾರ ಇಲ್ಲದೆಯೂ ನೀವು ನಾಳೆಯೇ ಮಾಡಬಹುದಾದದ್ದು ಒಂದಿದೆ. ಪಕ್ಕದ ಎರಡು ಶಾಪಿನವರನ್ನು ಕರೆದು ಕೂತು, ನಿಮ್ಮಲ್ಲಿ ಯಾವ ಕಾಲಂ ಕೆಂಪು, ನಮ್ಮಲ್ಲಿ ಯಾವುದು ಎಂದು ಕೇಳಿ. ಮೂವರಿಗೂ ಬೇಕಾದ ವಿಷಯಕ್ಕೆ ಒಬ್ಬ ಟ್ರೈನರನ್ನು ಕರೆಸಿದರೆ ಖರ್ಚು ಮೂರು ಪಾಲಾಗುತ್ತದೆ. ಜನ ಕದಿಯುತ್ತಾರೆ ಎಂಬ ಭಯ ಇದ್ದರೆ ನೇರ ಪೈಪೋಟಿ ಇಲ್ಲದ ಶಾಪನ್ನು ಹುಡುಕಿ. ದೊಡ್ಡ ಗಿರಾಕಿಗೆ ಮಾಲು ಕೊಡುತ್ತಿದ್ದರೆ ಅವರ ಕ್ವಾಲಿಟಿ ವಿಭಾಗದವರನ್ನು ಕೇಳಿ, ಸಪ್ಲೈಯರ್‌ಗಳಿಗೆ ಕಲಿಸುವುದರಲ್ಲಿ ಅವರಿಗೂ ಲಾಭವಿದೆ. ಟೂಲ್ ಮಾರುವವರೂ ಕಲಿಸುತ್ತಾರೆ, ಫ್ರೀ ಆಗಿ. ಅವರ ಟೂಲ್ ಹೊಗಳುವ ಅರ್ಧ ಗಂಟೆ ಸಹಿಸಿಕೊಂಡರೆ ಕಟಿಂಗ್ ಸ್ಪೀಡ್, ಫೀಡ್ ಬಗ್ಗೆ ಒಳ್ಳೆಯ ಪಾಠ ಸಿಗುತ್ತದೆ.

ದುಡ್ಡಿನ ವಿಷಯ. ಬಹಳಷ್ಟು ದೇಶಗಳಲ್ಲಿ ಕಂಪನಿಗಳಿಂದ ಟ್ರೈನಿಂಗ್ ಲೆವಿ ಎಂಬ ತೆರಿಗೆ ತೆಗೆದು, ಕಲಿಸುವವರಿಗೆ ಅದರಿಂದ ವಾಪಸ್ ಕೊಡುವ ವ್ಯವಸ್ಥೆ ಇದೆ. ಮಲೇಷ್ಯಾದಲ್ಲಿ ಹತ್ತು ಜನ ಅಥವಾ ಮೇಲಿದ್ದರೆ ಸಂಬಳದ 1 ಪರ್ಸೆಂಟ್. ದಕ್ಷಿಣ ಆಫ್ರಿಕಾದಲ್ಲೂ 1 ಪರ್ಸೆಂಟ್, ವರ್ಷದ ಸಂಬಳದ ಮೊತ್ತ 5 ಲಕ್ಷ ರ್ಯಾಂಡ್ ಮೀರದ ಕಂಪನಿಗೆ ವಿನಾಯಿತಿ. ಬ್ರಿಟನ್ನಿನಲ್ಲಿ 2017ರಿಂದ ಲೆವಿ ಇದೆ, ಆದರೆ ಸಂಬಳದ ಮೊತ್ತ 30 ಲಕ್ಷ ಪೌಂಡ್ ಮೀರಿದವರಿಗೆ ಮಾತ್ರ. ಬ್ರೆಜಿಲ್‌ನ ಸೆನಾಯ್ ಎಂಬ ತರಬೇತಿ ಸಂಸ್ಥೆ 1942ರಿಂದ ಉದ್ಯಮದವರ ಇಂಥ ದುಡ್ಡಿನಲ್ಲೇ ನಡೆಯುತ್ತಿದೆ. ಭಾರತದಲ್ಲಿ ಲೆವಿ ಇಲ್ಲ, 1961ರ ಅಪ್ರೆಂಟಿಸ್ ಕಾಯ್ದೆ ಇದೆ: 30 ಜನ ಅಥವಾ ಮೇಲಿದ್ದರೆ ಅಪ್ರೆಂಟಿಸ್ ತಗೊಳ್ಳಲೇಬೇಕು, 4ರಿಂದ 29 ಇದ್ದರೆ ಬೇಕಾದರೆ ತಗೊಳ್ಳಬಹುದು. ಲೆವಿ ಕಟ್ಟುತ್ತಾ, ಅರ್ಜಿ ತುಂಬಲು ಪುರುಸೊತ್ತಿಲ್ಲ ಎಂದು ಅದನ್ನು ವಾಪಸ್ ಪಡೆಯದೆ ಬಿಡುವುದು ಸಣ್ಣ ಕಂಪನಿಗಳ ಹಳೆಯ ಚಾಳಿ. ನಿಮ್ಮ ದೇಶದ ನಿಯಮ ಏನಿದೆ ನೋಡಿ, ನಿಮ್ಮ ಅಕೌಂಟೆಂಟಿಗೆ ಅರ್ಧ ದಿನ ಕೊಟ್ಟು ಅದೊಂದು ಕೆಲಸ ಮಾಡಿಸಿ. ಆದರೆ ಸಬ್ಸಿಡಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಬೋರ್ಡಿನಲ್ಲಿ ಕೆಂಪು ಇಲ್ಲದ ವಿಷಯಕ್ಕೆ ಜನ ಕಳಿಸಬೇಡಿ.

ಹೊರಗೆ ಕಳಿಸಿದವರು ವಾಪಸ್ ಬಂದ ವಾರದೊಳಗೆ ಆ ಕೆಲಸ ಅವರ ಕೈಗೆ ಸಿಗಬೇಕು. ಮಷಿನ್ ಬರುವುದು ನಾಲ್ಕು ತಿಂಗಳ ನಂತರವಾದರೆ ಕೋರ್ಸ್ ಕೂಡ ಆಗಲೇ ಇರಲಿ.

ಕಲಿತು ಬಿಟ್ಟು ಹೋದರೆ?

ಹೋಗುತ್ತಾರೆ. ಕೆಲವರು ಹೋಗೇ ಹೋಗುತ್ತಾರೆ. ಎಲ್ಲ ಕಡೆ ಬೆಲೆ ಇರುವ ಕೌಶಲಕ್ಕೆ ಕಂಪನಿ ಯಾಕೆ ದುಡ್ಡು ಹಾಕಬೇಕು, ಲಾಭ ಕೆಲಸಗಾರರಿಗೇ ತಾನೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲೇ ಮಂಡಿಸಿದ್ದರು. ಆದರೂ ಪ್ರಪಂಚದಾದ್ಯಂತ ಕಂಪನಿಗಳು ಅಂಥ ಕೌಶಲವನ್ನೂ ಕಲಿಸುತ್ತಲೇ ಇವೆ, ಯಾಕಂದರೆ ಕಲಿಸದಿದ್ದರೆ ಆಗುವ ನಷ್ಟ ಕಣ್ಣ ಮುಂದೆಯೇ ಇರುತ್ತದೆ.

ಬಾಂಡ್ ಬರೆಸಿಕೊಳ್ಳುವುದರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಮನಸ್ಸಿಲ್ಲದೆ ಉಳಿದವರು ಮಾಡುವ ಸ್ಕ್ರ್ಯಾಪ್ ಬಾಂಡಿನ ಮೊತ್ತಕ್ಕಿಂತ ಜಾಸ್ತಿ ಇರುತ್ತದೆ. ಅದರ ಬದಲು ಬೋರ್ಡಿನ ಗೆರೆಗೂ ಸಂಬಳಕ್ಕೂ ಗಂಟು ಹಾಕಿ. ಇಂಥ ಇಷ್ಟು ಕೆಲಸಗಳಲ್ಲಿ ಮೂರನೇ ಗೆರೆ ಬಂದರೆ ಇಷ್ಟು ಏರಿಕೆ, ನಾಲ್ಕನೆಯದಕ್ಕೆ ಇಷ್ಟು ಎಂದು ಅದೇ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿರಿ. ಜಪಾನಿನಲ್ಲಿ 1959ರಿಂದ ಕಸುಬುಗಳಿಗೆ ರಾಷ್ಟ್ರೀಯ ಮಟ್ಟದ ಪರೀಕ್ಷೆ ಇದೆ, ಗ್ರೇಡ್ ಗ್ರೇಡ್ ಆಗಿ. ಪಾಸಾದವರಿಗೆ ಕಂಪನಿಯ ಒಳಗೂ ಗೌರವ, ಹೊರಗೂ ಬೆಲೆ. ಹೊರಗೆ ಬೆಲೆ ಬಂದರೆ ಹೋಗಿಬಿಡುತ್ತಾರೆ ಎಂದು ಸರ್ಟಿಫಿಕೇಟ್ ಕೊಡಿಸದ ಮಾಲೀಕರನ್ನು ನೋಡಿದ್ದೇನೆ. ಅವರ ಜನ ಸರ್ಟಿಫಿಕೇಟ್ ಇಲ್ಲದೆಯೇ ಹೋದರು.

ಇನ್ನೊಂದು, ಒಬ್ಬರು ಹೋಗುವುದೇ ಕಂಪನಿ ನಿಲ್ಲಲು ಕಾರಣವಾದರೆ ತಪ್ಪು ಹೋದವರದ್ದಲ್ಲ. ಒಬ್ಬರೇ ಇರುವ ಕಾಲಂಗಳಿಗೆ ಕೆಂಪು ಸುತ್ತು ಹಾಕಿ ಎಂದು ಮೊದಲು ಹೇಳಿದ್ದು ಇದಕ್ಕೇ.

ಫಲ ಬಂತಾ ಎಂದು ನೋಡುವುದು

ಟ್ರೈನಿಂಗ್ ಮುಗಿದ ಮೇಲೆ "ಚೆನ್ನಾಗಿತ್ತು" ಎಂದು ಬರೆಸಿಕೊಳ್ಳುವ ಫಾರಂ ಹರಿದು ಹಾಕಿ. ಕಲಿಸಲು ಶುರು ಮಾಡುವ ಹಿಂದಿನ ತಿಂಗಳು ಎರಡೇ ಅಂಕಿ ಬರೆದಿಡಿ. ಆ ಕೆಲಸದಲ್ಲಿ ಎಷ್ಟು ರಿಜೆಕ್ಷನ್, ಒಂದು ಜಾಬಿನಿಂದ ಇನ್ನೊಂದಕ್ಕೆ ಸೆಟಪ್ ಬದಲಿಸಲು ಎಷ್ಟು ನಿಮಿಷ. ಮೂರು ತಿಂಗಳ ನಂತರ ಅದೇ ಎರಡು ಅಂಕಿ ಮತ್ತೆ ನೋಡಿ. ಮೊದಲ ತಿಂಗಳು ರಿಜೆಕ್ಷನ್ ಸ್ವಲ್ಪ ಏರಬಹುದು, ಹೊಸ ಕೈ ಅಲ್ವಾ. ಗಾಬರಿಯಾಗಿ ನಿಲ್ಲಿಸಬೇಡಿ. ಮೂರನೇ ತಿಂಗಳಿಗೂ ಇಳಿಯದಿದ್ದರೆ ಆ ಒಂದು ಪುಟ ಎತ್ತಿಕೊಂಡು ಮಷಿನ್ ಹತ್ತಿರ ಹೋಗಿ, ಹಳಬರು ಮಾಡುವುದನ್ನು ಮತ್ತೆ ನೋಡಿ. ಏನೋ ಒಂದು ಹುಷಾರು ಬರೆಯದೆ ಬಿಟ್ಟಿರುತ್ತೀರಿ.

ಆಮೇಲೆ ಆ ಮೂರು ವಾರದ ಪರೀಕ್ಷೆಯನ್ನು ನೀವಾಗಿಯೇ ಮಾಡಿ. ಕೆಂಪು ಸುತ್ತಿದ ಕೆಲಸದ ಹಳಬರನ್ನು ಒಂದು ವಾರ ರಜೆಗೆ ಕಳಿಸಿ, ಫೋನ್ ಮಾಡುವುದಿಲ್ಲ ಎಂದು ಮಾತು ಕೊಟ್ಟು. ಸೋಮವಾರ ಬೆಳಿಗ್ಗೆ ಶುರುವಿನಲ್ಲೇ ಯಾರು ಫೋನ್ ಕೈಗೆತ್ತಿಕೊಳ್ಳುತ್ತಾರೆ, ಯಾವ ಪ್ರಶ್ನೆ ಕೇಳಲು ಹೊರಟಿದ್ದರು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಪುಟ ಯಾವ ಕೆಲಸಕ್ಕೆ ಬರೆಯಬೇಕು ಎಂಬುದು ಅದರಲ್ಲೇ ಸಿಗುತ್ತದೆ.